ಮರಿಗಳ ಕಾವಲು

ಬೆಳಿಗ್ಗೆ ಕಣ್ಣು ಬಿಟ್ಟಾಗ ಅವನಿಗೆ ಮೊದಲು ಕಂಡದ್ದು ಒಂದು ಕೋಳಿಮರಿಯ ಹಿಂಭಾಗ. ರಟ್ಟಿನ ಪೆಟ್ಟಿಗೆಯ ಅಂಚಿನ ಮೇಲೆ ಕುಳಿತು, ಬಾಲ ಬರಬೇಕಾದ ಜಾಗದಲ್ಲಿ ಹೊಸದಾಗಿ ಮೂಡಿದ ಗರಿಗಳನ್ನು ಅವನ ಮೂಗಿನತ್ತ ತಿರುಗಿಸಿ, ಅದು ಕಿಟಕಿಯಾಚೆಯ ಲೋಕವನ್ನು ಪರಿಶೀಲಿಸುತ್ತಿತ್ತು. ಅದಕ್ಕೆ ಅವನು ಹೆಡ್‌ಮಾಸ್ಟರ್ ಎಂದು ಹೆಸರಿಟ್ಟಿದ್ದ. ಆರು ಮರಿಗಳಲ್ಲಿ ಅದೊಂದೇ, ಉಳಿದವು ಏನು ತಿನ್ನುತ್ತಿವೆಯೆಂದು ಕತ್ತು ಚಾಚಿ ನೋಡಿ, ಒಮ್ಮೆ ಕುಕ್ಕಿ, ತೃಪ್ತಿಯಾಗದೆ ಮುಂದೆ ಸಾಗುತ್ತಿತ್ತು. ಪೆಟ್ಟಿಗೆಯ ಅಂಚಿಗೆ ಹಾರಲು ಮರಿಗಳು ಕಲಿತು ಸಾಕಷ್ಟು ದಿನವಾಗಿತ್ತು. ಆ ಸಂಗತಿಯನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಅವಳು ಬಾಗಿಲಲ್ಲಿ ಇಣುಕುವ ಸದ್ದಾದರೆ ಸಾಕು, ಹೆಡ್‌ಮಾಸ್ಟರನ್ನು ಮೆಲ್ಲನೆ ಒಳಗೆ ತಳ್ಳಿ, ಮೇಲೊಂದು ಹಳೆಯ ಸೀರೆ ಹೊದಿಸಿ, "ಇನ್ನೂ ಎಳೇವು, ಪಾಪ" ಎನ್ನುತ್ತಿದ್ದ. ಸೀರೆಯೊಳಗೆ ಆ ಎಳೆಯವು ದಡದಡನೆ ರೆಕ್ಕೆ ಬಡಿಯುತ್ತಿದ್ದವು. ಅವಳು ಏನೂ ಹೇಳದೆ ಹೋಗುತ್ತಿದ್ದಳು. ಏನೂ ಹೇಳದೆ ಹೋಗುವುದರಲ್ಲಿ ಅವನ ಹೆಂಡತಿ ಎತ್ತಿದ ಕೈ.

ಇವತ್ತು ಸೀರೆ ಹೊದಿಸಿ ಪ್ರಯೋಜನವಿರಲಿಲ್ಲ. ಬಡಗಿಯಾದ ಭಾಮೈದ, ಎಂದರೆ ಹೆಂಡತಿಯ ತಮ್ಮ, ಮರಿಗಳಿಗೆಂದು ಮಾಡಿದ ಗೂಡನ್ನು ಇವತ್ತು ತಂದು ಹಿತ್ತಿಲಲ್ಲಿ ಇಳಿಸುವವನಿದ್ದ. ಸಂಜೆಯೊಳಗೆ ಮರಿಗಳು ಹೊರಗೆ, ಈ ಕೋಣೆ ಖಾಲಿ. ಅದೇ ಅವನ ಸಂಕಟ. ಮರಿಗಳು ಎಲ್ಲಿಗೆ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು, ಮರಿಗಳ ಕಾವಲಿಗೆಂದು ಇಷ್ಟು ವಾರ ಇದೇ ಕೋಣೆಯಲ್ಲಿ ನೆಲದ ಮೇಲೆ ಮಲಗಿದ ತಾನೆಲ್ಲಿಗೆ ಹೋಗಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಥವಾ ಒಬ್ಬಳಿಗೆ ಗೊತ್ತಿತ್ತೋ ಏನೋ, ಅವಳು ಹೇಳುತ್ತಿರಲಿಲ್ಲ. ನಡುಮನೆಯಾಚೆ, ಕರೆದರೆ ಕೇಳಿಸುವಷ್ಟು ದೂರದಲ್ಲಿ ಅವರಿಬ್ಬರ ಮಲಗುವ ಕೋಣೆಯಿತ್ತು. ಅಲ್ಲಿ ಮಂಚದ ಗೋಡೆ ಬದಿ ಅವಳದು, ಬಾಗಿಲ ಬದಿ ಅವನದು. ಅವನದು ಎಂದು ಈಗಲೂ ಅನ್ನಬಹುದೇ ಎಂದು ಯೋಚಿಸುತ್ತ ಅವನು ಹಾಸಿಗೆಯ ಮೇಲೆ ಎದ್ದು ಕುಳಿತು, ಕೂದಲಲ್ಲಿ ಸೇರಿದ್ದ ಮರದ ಹೊಟ್ಟನ್ನು ಕೊಡವಿಕೊಂಡ. ಇಡೀ ಕೋಣೆಗೆ ಕೋಳಿಯ ವಾಸನೆ ಹಿಡಿದಿತ್ತು. ಮೊದಲು ಹೊಟ್ಟೆ ತೊಳೆಸುತ್ತಿದ್ದ ಆ ವಾಸನೆ ಈಗ ಆಸ್ಪತ್ರೆಗೆ ಕೆಲಸಕ್ಕೆ ಹೋದಾಗ ಮಾತ್ರ, ಬೇರೆಯವರು ಮೂಗು ಮುಚ್ಚಿಕೊಂಡಾಗ ಮಾತ್ರ, ಅವನಿಗೆ ಗೊತ್ತಾಗುತ್ತಿತ್ತು.

ಅವನು ಕಿವಿ ಡಾಕ್ಟರ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವವನು. ಸದ್ದಿಲ್ಲದ ಸಣ್ಣ ಕೋಣೆಯಲ್ಲಿ ಅವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಗಾಜಿನ ಈಚೆಯಿಂದ ಬೇರೆ ಬೇರೆ ಸದ್ದು ಕೊಡುವುದು, ಕೇಳಿಸಿದರೆ ಅವರು ಗುಂಡಿ ಒತ್ತುವುದು. ಇಷ್ಟು ವರ್ಷ ಈ ಕೆಲಸ ಮಾಡಿ ಅವನ ಕಿವಿ ಎಷ್ಟು ಚುರುಕಾಗಿತ್ತೆಂದರೆ, ಪಕ್ಕದ ಮನೆಯ ನಲ್ಲಿ ನೀರು ಯಾವ ಪಾತ್ರೆಗೆ ಬೀಳುತ್ತಿದೆ, ಮುಂದಿನ ಕೋಣೆಯಲ್ಲಿ ಹೆಂಡತಿ ಹೊಲಿಗೆ ಯಂತ್ರ ತುಳಿಯುವಾಗ ಅವಳ ಮನಸ್ಸು ಹೇಗಿದೆ, ಎಲ್ಲ ಹೇಳಬಲ್ಲ. ಇದೇ ಅವನ ಹೆಮ್ಮೆ, ಇದೇ ಅವನಿಗೆ ಮುಳುವಾದದ್ದು ಕೂಡ. ಹೊಸ ಯಂತ್ರ ಬಂದ ಖುಷಿಗೆ ಡಾಕ್ಟರು ಎಲ್ಲರನ್ನೂ ಮನೆಗೆ ಊಟಕ್ಕೆ ಕರೆದಿದ್ದಾಗ, ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿ ಅವನ ಹೆಂಡತಿಯನ್ನು ಕೇಳಿದ್ದಳು, "ಅಕ್ಕಾ, ಮನೇಲೂ ಇವರಿಗೆ ಎಲ್ಲಾ ಕೇಳಿಸುತ್ತಾ?" ಪರಸ್ಥಳದಲ್ಲಿ ಬಾಯಿಯೇ ಬಿಡದ ಅವನ ಹೆಂಡತಿ ಅವತ್ತು ಯಾಕೋ, "ಎಲ್ಲಾ ಕೇಳಿಸುತ್ತೆ, ಅವರ ಗೊರಕೆ ಒಂದು ಬಿಟ್ಟು" ಎಂದಳು. ನಾಲ್ಕು ಜನ ನಕ್ಕರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ಕಣ್ಣು ಮುಚ್ಚಿ, ಗೊರಕೆ ಹೊಡೆದು ತೋರಿಸಿದಳು. ಮೊದಲು ಭಾರದ ಟ್ರಂಕನ್ನು ನೆಲದ ಮೇಲೆ ಎಳೆದ ಹಾಗೆ ಒಂದು ಸದ್ದು. ಆಮೇಲೆ ಏನೂ ಇಲ್ಲ. ಏನೂ ಇಲ್ಲದ್ದು ಎಷ್ಟು ಹೊತ್ತು ನಡೆಯಿತೆಂದರೆ ಎಲ್ಲರೂ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದರು. ಆಮೇಲೆ ತೆಳ್ಳಗಿನ ಒಂದು ಸೀಟಿ, ಕೊನೆಗೆ ತುಟಿಯ ತುದಿಯಲ್ಲಿ ಒಂದು ಪುಸ್. ಜನ ಬಿದ್ದು ಬಿದ್ದು ನಕ್ಕರು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಎಷ್ಟು ಡೆಸಿಬೆಲ್ ಇರಬಹುದ್ರೀ, ಹೊಸ ಮಿಷನ್ನಲ್ಲಿ ನೋಡೋಣ್ವಾ?" ಎಂದರು. ಅವನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತಲೇ ಒಳಗೊಳಗೆ ಸುಟ್ಟ ಬದನೆಕಾಯಿಯಾಗಿದ್ದ.

ಮರುದಿನವೇ ಮರಿಗಳು ಬಂದವು. ಅವನ್ನು ಬೇಕೆಂದು ಹೇಳಿಟ್ಟಿದ್ದವಳು ಅವಳೇ, ಅಡುಗೆಮನೆಯ ಮೂಲೆಯಲ್ಲಿ ಜಾಗ ಮಾಡಿದ್ದವಳೂ ಅವಳೇ. ಅವನು ಮಾತ್ರ, ಹಿಂದಿನ ದಿನದವರೆಗೂ ಕೋಳಿ ಎಂದರೆ ಮಾರು ದೂರ ಹೋಗುತ್ತಿದ್ದವನು, ಇದ್ದಕ್ಕಿದ್ದಂತೆ ಮರಿಗಳ ತಾಯಿಯಾಗಿಬಿಟ್ಟ. ಅಡುಗೆಮನೆಯಲ್ಲಿ ಗಾಳಿ, ಬಲ್ಬು ಆರಿಹೋದರೆ ನೋಡುವವರಾರು, ಬೆಕ್ಕು ಬಂದರೆ ಗತಿಯೇನು, ಹೀಗೆ ಹೇಳಿ ಹೇಳಿ, ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಖಾಲಿ ಬಿದ್ದಿದ್ದ ಈ ಸಣ್ಣ ಕೋಣೆಗೆ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯನ್ನೂ ಬಲ್ಬನ್ನೂ ಮರಿಗಳನ್ನೂ ಕೊನೆಗೆ ತನ್ನ ಹಾಸಿಗೆಯನ್ನೂ ಸಾಗಿಸಿದ. ಅವಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ದಿಂಬು ಒಂದು ಸಾಕಾ?" ಎಂದಷ್ಟೇ ಕೇಳಿದಳು. ಸಾಕು ಎಂದ. ಆ ಎರಡಕ್ಷರದಲ್ಲಿ ತನ್ನ ಕೋಪವನ್ನೆಲ್ಲ ತುಂಬಿ ಕಳಿಸಿದ್ದೇನೆಂದು ಅವನು ತಿಳಿದಿದ್ದ. ಅದು ಅವಳಿಗೆ ಮುಟ್ಟಿತೋ ಇಲ್ಲವೋ, ಆಮೇಲೆ ವಿಚಾರಿಸಲಿಲ್ಲ.

ಕೋಪವೂ ಎಷ್ಟು ದಿನ ಇರುತ್ತದೆ. ಮರಿಗಳ ಕತ್ತಿನ ನಯವಾದ ರೋಮ ಉದುರಿ ಗರಿ ಬರತೊಡಗಿದ ದಿನಗಳಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಕೋಪವನ್ನು ಹುಡುಕಿದ, ಇರಲಿಲ್ಲ. ಗಾಬರಿಯಾಯಿತು. ಕೋಪ ಹೋದ ಮೇಲೆ ಈ ಕೋಣೆಯಲ್ಲಿ ತನಗೇನು ಕೆಲಸ. ಆದರೆ ಹೋಗುವಾಗ ಇದ್ದ ದಾರಿ ಬರುವಾಗ ಇರಲಿಲ್ಲ. ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ನಡುಮನೆ ದಾಟಿ ಹೋಗಿ, ಮಂಚದ ಮೇಲೆ ಕೂತು, ಏನನ್ನಬೇಕು? ಒಮ್ಮೆ ಮಲಗುವ ಹೊತ್ತಿಗೆ ಹೋಗಿಯೂ ನೋಡಿದ್ದ. ಅವಳ ಕೋಣೆಯ ಬಾಗಿಲವರೆಗೆ ಸರಿಯಾಗಿಯೇ ಹೋದ. ಒಳಗಿನಿಂದ ಅವಳು ತೀರ ಸಹಜವಾಗಿ, "ಏನಾದ್ರೂ ಬೇಕಿತ್ತಾ?" ಎಂದಳು. "ನೀರು" ಎಂದುಬಿಟ್ಟ. ಒಂದು ಕೈಯಲ್ಲಿ ದಿಂಬು, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ಇಂಗು ತಿಂದ ಮಂಗನ ಹಾಗೆ ಹಿಂದಿರುಗಿದ. ಅವತ್ತಿನಿಂದ ಮರಿಗಳ ಮೇಲೆ ಅವನ ಕಾಳಜಿ ಇಮ್ಮಡಿಯಾಯಿತು.

"ರೀ, ತಮ್ಮ ಬಂದ. ಎದ್ರಾ?" ಎಂದು ಈಗ ಅವಳು ಕರೆದಾಗ ಅವನು ಹೆಡ್‌ಮಾಸ್ಟರನ್ನು ಕೆಳಗಿಳಿಸಿ, ಮುಖ ತೊಳೆಯಲು ಹೊರಟ.

ಭಾಮೈದ ಗೂಡನ್ನು ಗಾಡಿಯಿಂದ ಇಳಿಸಿ, ಹಿತ್ತಿಲಲ್ಲಿ ಬೇಲಿಯ ಪಕ್ಕ ಸಮತಟ್ಟು ಮಾಡಿ ಕೂರಿಸಿದ್ದ. ಸೊಂಟದೆತ್ತರದ, ಅಗಲವಾದ, ಮುಂದೆ ಜಾಲರಿ ಹೊಡೆದ ಗೂಡು. ಒಳಗೆ ಕೂರಲು ಅಡ್ಡಗೋಲು, ಒಂದು ಕಡೆ ಕೋಳಿ ನುಗ್ಗುವಷ್ಟು ಕಿರುಬಾಗಿಲು, ಇನ್ನೊಂದು ಕಡೆ ಕಸ ಗುಡಿಸುವವರಿಗೆಂದು ದೊಡ್ಡ ಬಾಗಿಲು, ಎರಡಕ್ಕೂ ಹೊರಗಿನಿಂದ ಚಿಲಕ. "ನೋಡಿ ಭಾವ, ಮನುಷ್ಯರೂ ಇರಬಹುದು ಇದರಲ್ಲಿ" ಎಂದು ಅವನು ಬೀಗಿದ. ಅವನದು ಸದಾ ಬಾಯಿ ತೆರೆದೇ ಇರುವ ಸ್ವಭಾವ. ಮರಿಗಳನ್ನು ತರಲು ಸಣ್ಣ ಕೋಣೆಗೆ ಬಂದವನು ನೆಲದ ಮೇಲಿದ್ದ ಹಾಸಿಗೆ ನೋಡಿ ಅಲ್ಲೇ ನಿಂತ. "ಇದ್ಯಾರದು?"

ಇಷ್ಟು ದಿನ ಮನೆಯೊಳಗೇ ಇದ್ದ ವಿಷಯ ಈಗ ಈ ಬಾಯಿಗೆ ಬಿದ್ದರೆ ನಾಳೆ ಊರೂರು ತಿರುಗುತ್ತದೆ. ಅವನು ಒಂದು ನೆಪಕ್ಕಾಗಿ ತಡಕಾಡುತ್ತಿರುವಾಗ ಹೆಂಡತಿ, ಪೆಟ್ಟಿಗೆಯ ಮೇಲಿನ ಸೀರೆ ಮಡಚುತ್ತ, ತಲೆಯೆತ್ತದೆ ಹೇಳಿದಳು.

"ನಿಮ್ಮ ಭಾವಂದೇ. ಕರೆಂಟ್ ಹೋದ್ರೆ ಮರಿಗಳಿಗೆ ಚಳಿ ಆಗುತ್ತಲ್ಲ, ಅದಕ್ಕೆ ಇಲ್ಲೇ ಮಲಗ್ತಾರೆ."

"ಅಬ್ಬಾ, ಏನ್ ಪ್ರೀತಿ ಭಾವ. ನಮ್ಮಕ್ಕನ್ನ ಇಷ್ಟು ನೋಡ್ಕೊಂಡಿದ್ರಾ?" ಎಂದು ಭಾಮೈದ ನಕ್ಕ. "ಹೋಗ್ಲಿ ಬಿಡಿ, ಇವತ್ತಿಂದ ನಿಮಗೂ ಬಿಡುಗಡೆ."

ಅವಳು ನಗಲಿಲ್ಲ, ಮುಖ ಗಂಟಿಕ್ಕಲೂ ಇಲ್ಲ. ಸೀರೆಯ ಅಂಚನ್ನು ಅಂಚಿಗೆ ಸರಿಯಾಗಿ ಕೂಡಿಸಿ ಮಡಚಿದಳು. ತನ್ನ ಮಾನ ಕಾಪಾಡಿದಳೆಂದು ಅವನು ಕೃತಜ್ಞನಾದ, ಮರುಕ್ಷಣವೇ ಇನ್ನೊಂದು ಅನುಮಾನ ಹುಟ್ಟಿತು. ಒಂದು ವೇಳೆ ಅವಳು ನಿಜವಾಗಿಯೂ ಹಾಗೆಯೇ ನಂಬಿದ್ದರೆ? ಇಷ್ಟು ವಾರ ತಾನು ಕೋಪ ಮಾಡಿಕೊಂಡಿದ್ದದ್ದು ಅವಳಿಗೆ ಗೊತ್ತೇ ಆಗದೆ ಹೋಗಿದ್ದರೆ? ಒಬ್ಬ ಗಂಡ ಮುನಿಸಿಕೊಂಡು ಬೇರೆ ಮಲಗಿ, ಅದು ಕೋಳಿಸಾಕಣೆ ಎಂದು ದಾಖಲಾಗುವುದಕ್ಕಿಂತ ಅವಮಾನ ಇನ್ನೇನಿದೆ.

ಮರಿಗಳನ್ನು ಒಯ್ಯುವುದೇ ಒಂದು ಸಂಭ್ರಮವಾಯಿತು. ಎರಡೆರಡಾಗಿ ಬುಟ್ಟಿಯಲ್ಲಿ ಹಾಕಿ, ಮೇಲೆ ಬಟ್ಟೆ ಮುಚ್ಚಿ ನಡುಮನೆ ದಾಟುವಾಗ ಅವು ಸೊಲ್ಲೆತ್ತದೆ ಕೂತಿದ್ದವು. ಬುಟ್ಟಿಯ ತಳಕ್ಕೆ ಕೈಕೊಟ್ಟಿದ್ದ ಅವನಿಗೆ ಅವುಗಳ ಮೈಬಿಸಿ ತಾಕುತ್ತಿತ್ತು. ಬೆಳಗ್ಗೆ ಪೆಟ್ಟಿಗೆಯಲ್ಲಿ ಕೈಯಿಟ್ಟರೆ ಹೆಬ್ಬೆರಳಿನ ಉಗುರನ್ನು ಕಾಳೆಂದು ಕುಕ್ಕುತ್ತಿದ್ದವು ಇವೇ. ನೆಪಕ್ಕೆಂದು ತಂದಿಟ್ಟುಕೊಂಡ ಪ್ರಾಣಿಗಳ ಮೇಲೆ ನಿಜವಾದ ಮಮತೆ ಯಾವಾಗ ಬಂತೋ ಅವನಿಗೆ ತಿಳಿಯದು. ಆರನ್ನೂ ಗೂಡಿಗೆ ಬಿಟ್ಟ ಮೇಲೆ ಭಾಮೈದ ಕೈ ಕೊಡವುತ್ತ ಹೇಳಿದ, "ಭಾವ, ಒಂದೇ ಮಾತು. ನಾಲ್ಕು ದಿನ ಇದರೊಳಗೇ ಕೂಡಿಹಾಕಿ. ಇದೇ ನಮ್ಮನೆ ಅಂತ ಅವಕ್ಕೆ ಅನ್ನಿಸ್ಬೇಕು. ಇವತ್ತೇ ಬಿಟ್ರೆ ಸಂಜೆ ಒಳಗೆ ಬರಲ್ಲ, ಎಲ್ಲೋ ಹೋಗಿ ಕೂತ್ಬಿಡ್ತವೆ." ಹಾಗೆ ಹೇಳಿ ಅವನು ಗಾಡಿ ಹತ್ತಿ ಹೋದ. ಹೆಂಡತಿ ಹೊಲಿದಿಟ್ಟ ಬಟ್ಟೆಗಳನ್ನು ಗಿರಾಕಿಗಳಿಗೆ ಕೊಡಲು ಹೊರಟಳು. ಹೊರಡುವ ಮುಂಚೆ ಸಣ್ಣ ಕೋಣೆಯನ್ನು ನೀರು ಸುರಿದು ತೊಳೆದು, ಕಿಟಕಿ ತೆರೆದಿಟ್ಟು, "ಮಗಳು ರಜಕ್ಕೆ ಬರ್ತಾಳಲ್ಲ, ಅಷ್ಟರೊಳಗೆ ವಾಸನೆ ಹೋಗ್ಲಿ" ಎಂದಳು. ಅವನ ಹಾಸಿಗೆಯನ್ನು ಅವಳೇ ಎತ್ತಿಕೊಂಡು ಹೋದಳು. ಅವನು ಉಸಿರು ಹಿಡಿದು ಅದು ಯಾವ ಕಡೆ ಹೋಗುತ್ತದೆಂದು ನೋಡಿದ. ಅದು ಮಲಗುವ ಕೋಣೆಗೂ ಹೋಗಲಿಲ್ಲ, ನಡುಮನೆಗೂ ಹೋಗಲಿಲ್ಲ. ಕಾಂಪೌಂಡಿನ ಗೋಡೆಯ ಮೇಲೆ ಬಿಸಿಲಿಗೆ ಬಿತ್ತು.

ಒಬ್ಬನೇ ಉಳಿದ. ಭಾಮೈದನ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಇವತ್ತೇ ಬಿಟ್ರೆ ಸಂಜೆ ಒಳಗೆ ಬರಲ್ಲ. ಒಳಗೆ ಬರದಿದ್ದರೆ? ಬರದಿದ್ದರೆ ಹೊರಗೆ ಬೆಕ್ಕಿನ ಬಾಯಿಗೆ ಬಿಡುವುದಕ್ಕಾಗುತ್ತದೆಯೇ, ಹಿಡಿದು ಮನೆಯೊಳಗೇ ತರಬೇಕು. ಇವತ್ತೊಂದು ದಿನದ ಮಟ್ಟಿಗೆ. ಇವತ್ತೊಂದು ದಿನದ ಮಟ್ಟಿಗೆ ಎಂಬುದನ್ನು ಎಷ್ಟು ದೂರ ಎಳೆಯಬಹುದು ಎಂಬುದರಲ್ಲಿ ಅವನಿಗೆ ಈಗ ಸಾಕಷ್ಟು ಪಳಗಿಕೆಯಿತ್ತು. ತಾನು ಮಾಡುತ್ತಿರುವುದು ಕಿತಾಪತಿ ಎಂದು ಚೆನ್ನಾಗಿ ಗೊತ್ತಿದ್ದೂ ಅವನು ಕಿರುಬಾಗಿಲಿನ ಚಿಲಕ ಸರಿಸಿದ. "ಪಾಪ, ಗಾಳಿ ಬೆಳಕು ಕಾಣ್ಲಿ" ಎಂದು ಗಟ್ಟಿಯಾಗಿ ಹೇಳಿಕೊಂಡ, ಕೇಳುವವರು ಯಾರೂ ಇಲ್ಲದಿದ್ದರೂ.

ಹೆಡ್‌ಮಾಸ್ಟರ್ ಮೊದಲು ಹೊರಬಂತು. ಒಂದು ಕಾಲನ್ನು ಹುಲ್ಲಿನ ಮೇಲಿಟ್ಟು ಹಾಗೆಯೇ ನಿಂತಿತು, ಇನ್ನೊಂದು ಕಾಲು ಹೊಟ್ಟೆಗೆ ಅಂಟಿಕೊಂಡಿತ್ತು. ಹುಟ್ಟಿದಾಗಿನಿಂದ ರಟ್ಟು ಮತ್ತು ಮರದ ಹೊಟ್ಟು ಬಿಟ್ಟು ಬೇರೇನನ್ನೂ ತುಳಿಯದ ಪಾದ ಅದು. ಹುಲ್ಲು ಕಚಗುಳಿಯಿಟ್ಟಿರಬೇಕು. ಆಮೇಲೆ ಕತ್ತು ಓರೆ ಮಾಡಿ ಒಂದೇ ಕಣ್ಣಿನಿಂದ ಆಕಾಶ ನೋಡಿತು. ನೋಡುತ್ತಲೇ ಇತ್ತು. ಇಷ್ಟು ದಿನ ತಲೆಯ ಮೇಲೆ ಇದ್ದದ್ದು ಒಂದು ಬಲ್ಬು, ಅದು ಯಾವಾಗಲೂ ಉರಿಯುತ್ತಿತ್ತು, ಇಷ್ಟೊಂದು ಖಾಲಿ ಜಾಗ ಯಾವತ್ತೂ ಇರಲಿಲ್ಲ. ಅವನಿಗೆ ಯಾಕೋ ಕಣ್ಣು ತುಂಬಿಬಂತು. ಬೇಲಿಯಾಚೆಯಿಂದ ಒಂದು ಕಾಗೆ ಹಾರಿದ್ದೇ ತಡ, ಯಾರೂ ಹೇಳಿಕೊಡದಿದ್ದರೂ ಆರೂ ಒಮ್ಮೆಲೇ ನೆಲಕ್ಕೆ ಅಂಟಿ ಕಲ್ಲಾದವು. ನೆರಳು ಹೋಯಿತು, ಎದ್ದು ಮೈ ಕೊಡವಿ, ಏನೂ ಆಗಿಲ್ಲವೆಂಬಂತೆ ಮಣ್ಣು ಕೆದಕತೊಡಗಿದವು. ಹೊರಗಿನ ಲೋಕಕ್ಕೆ ಅವು ಇಷ್ಟು ಬೇಗ ಒಗ್ಗಿಕೊಂಡದ್ದು ಅವನಿಗೆ ಹೆಮ್ಮೆಯನ್ನೂ ಸಣ್ಣದೊಂದು ದ್ರೋಹದ ಭಾವನೆಯನ್ನೂ ತಂದಿತು. ಸ್ವಲ್ಪ ಹೆದರಬಹುದಿತ್ತು. ಸ್ವಲ್ಪ ತನ್ನ ಕಾಲ ಬಳಿಗೆ ಓಡಿಬರಬಹುದಿತ್ತು.

"ಏನ್ ಸಾರ್, ಹಾಸಿಗೆ ಒಣಗಿಸ್ತಿದ್ದೀರಾ?" ಪಕ್ಕದ ಮನೆಯ ರಿಟೈರಾದ ಬಸ್ ಡ್ರೈವರು ಗೋಡೆಯ ಮೇಲಿನಿಂದ ಕತ್ತು ಹಾಕಿದ್ದರು. ಅವರು ಹಾಸಿಗೆಯನ್ನೂ ಅವನನ್ನೂ ಒಂದೊಂದು ಸಲ ನೋಡಿ, ದನಿ ತಗ್ಗಿಸಿ, "ವಯಸ್ಸಾದ ಮೇಲೆ ಆಗುತ್ತೆ ಸಾರ್, ನಾಚ್ಕೋಬೇಡಿ. ಡಾಕ್ಟರಿಗೆ ತೋರಿಸಿ" ಎಂದರು.

"ಅಯ್ಯೋ, ಅದಲ್ಲ. ಕೋಳಿ..." ಎಂದು ಅವನು ಶುರುಮಾಡಿ, ಹಾಸಿಗೆಗೂ ಕೋಳಿಗೂ ಇರುವ ಸಂಬಂಧ ವಿವರಿಸುವುದಕ್ಕಿಂತ ಅವರು ಅಂದುಕೊಂಡದ್ದೇ ಮೇಲು ಅನ್ನಿಸಿ, "ತೋರಿಸ್ತೀನಿ" ಎಂದುಬಿಟ್ಟ. ಡ್ರೈವರು ಅನುಕಂಪದಿಂದ ತಲೆಯಾಡಿಸಿ ಮರೆಯಾದರು.

ಆಸ್ಪತ್ರೆಗೆ ರಜವಿದ್ದುದರಿಂದ ಮಧ್ಯಾಹ್ನವೆಲ್ಲ ಅವನು ಒಂದು ಮಣೆ ಹಾಕಿಕೊಂಡು ಮರಿಗಳನ್ನು ಕಾಯುತ್ತ ಕೂತ. ಬಿಸಿಲಿಗೆ ಮಂಪರು ಬಂದು ಆಸ್ಪತ್ರೆಯ ಗಾಜಿನಾಚೆಯ ಮುಖಗಳು ಸುಳಿದವು. ಹೋದ ವಾರ ಬಂದಿದ್ದ ಮುದುಕರೊಬ್ಬರು ಅವನು ಸದ್ದೇ ಕೊಡದಾಗಲೂ ಗುಂಡಿ ಒತ್ತುತ್ತಿದ್ದರು. ಒತ್ತಿ, ಪರೀಕ್ಷೆಯಲ್ಲಿ ನಕಲು ಹೊಡೆಯುವ ಹುಡುಗನಂತೆ ಇವನ ಮುಖ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಯಾಕೆ ಹಾಗೆ ಮಾಡಿದಿರಿ ಎಂದು ಕೂಗಿ ಕೇಳಿದ್ದಕ್ಕೆ, "ಕೇಳಿಸಲ್ಲ ಅಂತ ಗೊತ್ತಾದ್ರೆ ನಮ್ಮವಳು ಮಾತಾಡೋದೇ ಬಿಟ್ಬಿಡ್ತಾಳಪ್ಪ" ಎಂದಿದ್ದರು. ಅವನು ಆ ದಿನ ಚೀಟಿ ಬರೆಯುವ ಹುಡುಗಿಗೆ ಅದನ್ನು ತಮಾಷೆಯಾಗಿ ಹೇಳಿದ್ದ, ಅವರ ಹಾಗೆ ಬೆರಳಾಡಿಸಿ, ಕಳ್ಳನೋಟ ನೋಡಿ ತೋರಿಸಿದ್ದ. ಅವಳು ನಕ್ಕಿದ್ದಳು. ಮುದುಕರು ಅಷ್ಟರಲ್ಲಿ ಮೆಟ್ಟಿಲು ಇಳಿದು ಹೋಗಿದ್ದರೆಂದು ಅವನು ಅಂದುಕೊಂಡಿದ್ದ. ತಿರುಗಿ ನೋಡಿದರೆ ಚಪ್ಪಲಿ ಹಾಕಿಕೊಳ್ಳುತ್ತ ಅಲ್ಲೇ ನಿಂತಿದ್ದರು. ಅವರಿಗೆ ಕೇಳಿಸಿರಲಾರದು ನಿಜ. ನೋಡಿರಬಹುದು. ಮಣೆಯ ಮೇಲೆ ಕೂತಲ್ಲೇ ಅವನಿಗೆ ಕಿವಿ ಬಿಸಿಯಾಯಿತು. ಎದ್ದು ಮರಿಗಳಿಗೆ ನೀರು ತುಂಬಿಸಿದ.

ಬಿಸಿಲು ಬೇಲಿಯ ಕೆಳಗಿಳಿದು ನೆರಳುಗಳು ಉದ್ದವಾಗುವ ಹೊತ್ತಿಗೆ ಮರಿಗಳ ಉತ್ಸಾಹ ಇಳಿಯಿತು. ಒಂದೊಂದಾಗಿ ಕೆದಕುವುದನ್ನು ನಿಲ್ಲಿಸಿ, ಗೂಡಿನ ಕಡೆ ಕಣ್ಣೆತ್ತಿಯೂ ನೋಡದೆ, ಮನೆಯ ಗೋಡೆಯತ್ತ ಬಂದವು. ಸಣ್ಣ ಕೋಣೆಯ ಕಿಟಕಿಯ ಕೆಳಗೆ, ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ಕೂತು ಪಿಳಿಪಿಳಿ ಮೇಲೆ ನೋಡಿದವು. ಒಳಗೆ ಯಾರಾದರೂ ಬಲ್ಬು ಹಾಕುತ್ತಾರೆಂದು ಕಾಯುತ್ತಿದ್ದವು. ಅವನ ಎಣಿಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೂ ಗೆದ್ದ ಸಂತೋಷ ಬರಲಿಲ್ಲ. ಆ ಕಿಟಕಿಯ ಕೆಳಗೆ ಕೂತ ಏಳನೆಯವನು ತಾನೇ ಎನ್ನಿಸಿ ನಾಚಿಕೆಯಾಯಿತು.

ಬಟ್ಟೆಯ ಖಾಲಿ ಚೀಲ ಹಿಡಿದು ಹಿತ್ತಿಲ ಬಾಗಿಲಿಗೆ ಬಂದ ಹೆಂಡತಿ ಒಮ್ಮೆ ಮರಿಗಳನ್ನು, ಒಮ್ಮೆ ತೆರೆದಿದ್ದ ಕಿರುಬಾಗಿಲನ್ನು, ಒಮ್ಮೆ ಅವನನ್ನು ನೋಡಿದಳು.

"ಅವನು ಅಷ್ಟು ಹೇಳಿ ಹೋದ್ನಲ್ಲ. ಯಾಕೆ ಬಿಟ್ರಿ?"

"ತಾವೇ ಹೋಗ್ತವೇನೋ ಅಂತ." ಸ್ವಲ್ಪ ತಡೆದು ಅವನು ಇಡೀ ದಿನ ತಯಾರು ಮಾಡಿಟ್ಟಿದ್ದ ವಾಕ್ಯವನ್ನು ಹೊರಗೆ ಬಿಟ್ಟ. "ಇನ್ನೂ ಎಳೇವು ಕಣೆ. ಇವತ್ತೊಂದು ದಿನ ಒಳಗೇ ಮಲಗಿಸೋಣ. ಬೇಕಾದ್ರೆ ನಾನು..."

"ರೂಮು ತೊಳೆದಾಗಿದೆ" ಎಂದಳು. ಕೋಪವಿರಲಿಲ್ಲ, ಹೊಲಿಗೆಯ ಕೊನೆಗೆ ದಾರ ಕತ್ತರಿಸಿದ ಹಾಗಿತ್ತು. "ನೀವೇ ಬಿಟ್ಟಿದ್ದು, ನೀವೇ ಕೂಡಿಹಾಕಿ. ಡ್ರೈವರ ಮನೆ ಬೆಕ್ಕು ಆಗ್ಲೇ ಗೋಡೆ ಹತ್ತಿದೆ, ನೋಡಿ."

ಬೆಕ್ಕು ನಿಜವಾಗಿಯೂ ಗೋಡೆಯ ಮೇಲಿತ್ತು. ಹೆಂಡತಿ ಒಳಗೆ ಹೋದಳು. ನೆಪ ಕೈಕೊಟ್ಟು, ಅಪಾಯ ಮಾತ್ರ ನಿಜವಾಗಿ ಉಳಿಯಿತು. ಅವನು ಬೆಕ್ಕನ್ನು ಓಡಿಸಿ, ಪಂಚೆ ಎತ್ತಿ ಕಟ್ಟಿ ಕೆಲಸಕ್ಕಿಳಿದ. ಒಂದು ಮರಿಯನ್ನು ಹಿಡಿದರೆ ಐದು ಚೆಲ್ಲಾಪಿಲ್ಲಿ. ಹೇಗೋ ಎರಡನ್ನು ಗೂಡಿಗೆ ಹಾಕಿ ಮೂರನೆಯದನ್ನು ತರುವಷ್ಟರಲ್ಲಿ, ಚಿಲಕ ತೆಗೆದ ಗಳಿಗೆಯಲ್ಲೇ ಒಳಗಿದ್ದ ಎರಡೂ ಅವನ ಕಾಲ ಸಂದಿಯಿಂದ ನುಗ್ಗಿ ಕಿಟಕಿಯ ಕೆಳಗೆ ಹಾಜರ್. ಕಾಳು ಚೆಲ್ಲಿ ಕರೆದ, ಹೊಟ್ಟೆ ತುಂಬಿದವಕ್ಕೆ ಕಾಳು ಯಾಕೆ ಬೇಕು. ಬಾ ಬಾ ಎಂದ, ಬೈದ, ಅಂಗಲಾಚಿದ. ಹೆಡ್‌ಮಾಸ್ಟರನ್ನು ಅಟ್ಟಿಸಿಕೊಂಡು ಹೋಗಿ ಹುಲ್ಲಿನ ಮೇಲೆ ಜಾರಿ ಮೊಣಕಾಲು ತರಚಿಕೊಂಡ. ಕತ್ತಲು ಇಳಿಯುತ್ತಿತ್ತು. ಬಲ್ಬಿನ ಕೆಳಗೆ ಬೆಳೆದ ಮರಿಗಳಿಗೆ ಕತ್ತಲು ಅಷ್ಟಾಗಿ ಪರಿಚಯವಿರಲಿಲ್ಲ. ಅವು ಸಣ್ಣಗೆ ಅಳತೊಡಗಿದವು. ಆ ದನಿ ಅವನಿಗೆ ಗೊತ್ತಿತ್ತು. ಕರೆಂಟ್ ಹೋಗಿ ಬಲ್ಬು ಆರಿದಾಗ ಹಾಗೇ ಅಳುತ್ತಿದ್ದವು, ಆಮೇಲೆ ತಾವಾಗಿಯೇ ಸುಮ್ಮನಾಗುತ್ತಿದ್ದವು. ಅಲ್ಲ, ತಾವಾಗಿ ಅಲ್ಲ. ಅವನು ಮತ್ತೆ ನಿದ್ದೆಗೆ ಜಾರಿದ ಮೇಲೆ. ಬೆಳಿಗ್ಗೆ ಎದ್ದಾಗ ಎಷ್ಟೋ ಸಲ ಆರೂ ಪೆಟ್ಟಿಗೆಯ ಒಂದೇ ಮೂಲೆಯಲ್ಲಿ, ಅವನ ತಲೆಯಿದ್ದ ಮೂಲೆಯಲ್ಲಿ ಒತ್ತಿಕೊಂಡಿರುತ್ತಿದ್ದವು. ಬಲ್ಬು ಇದ್ದದ್ದು ಇನ್ನೊಂದು ಮೂಲೆಯಲ್ಲಿ.

ಅವನು ಸುತ್ತ ನೋಡಿದ. ಡ್ರೈವರು ಕಾಣಲಿಲ್ಲ. ದೊಡ್ಡ ಬಾಗಿಲು ತೆರೆದು, ಅಂಬೆಗಾಲಿಟ್ಟು ಗೂಡಿನೊಳಗೆ ತೂರಿ, ಅಡ್ಡಗೋಲಿನ ಕೆಳಗೆ ಮುದುಡಿ ಮಲಗಿದ. ಭಾಮೈದ ಹೇಳಿದ್ದು ಸುಳ್ಳಲ್ಲ, ಮನುಷ್ಯರೂ ಇರಬಹುದಿತ್ತು, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡರೆ. ಕಣ್ಣು ಮುಚ್ಚಿ ಗೊರಕೆ ಹೊಡೆಯಬೇಕೆಂದುಕೊಂಡ. ಆಗ ಅವನಿಗೆ ಹೊಳೆಯಿತು, ತನ್ನ ಗೊರಕೆ ಹೇಗಿರುತ್ತದೆಂದು ತನಗೆ ಗೊತ್ತೇ ಇಲ್ಲ. ಲೋಕದ ಸದ್ದನ್ನೆಲ್ಲ ಬಲ್ಲ ಕಿವಿಗೆ ಅದೊಂದು ಸದ್ದು ಯಾವತ್ತೂ ಬಿದ್ದಿಲ್ಲ. ಅಂದಾಜಿನ ಮೇಲೆ, ಮರ್ಯಾದಸ್ಥರು ಹೊಡೆಯುವಂಥ ಹದವಾದ ಒಂದು ಗೊರಕೆ ಹೊಡೆದ. ಕಿಟಕಿಯ ಕೆಳಗೆ ಒಂದು ರೆಕ್ಕೆಯೂ ಅಲುಗಲಿಲ್ಲ. ಇನ್ನೊಂದು ಬಗೆಯದನ್ನು ಹೊಡೆದ. ಹೆಡ್‌ಮಾಸ್ಟರ್ ಬೇಸರದಿಂದ ಮುಖ ತಿರುಗಿಸಿತು. ಇನ್ನು ಉಳಿದದ್ದು ಒಂದೇ. ಡಾಕ್ಟರ ಮನೆಯ ನಡುಕೋಣೆಯಲ್ಲಿ, ಅಷ್ಟು ಜನರ ಮಧ್ಯೆ, ತಟ್ಟೆ ಕೆಳಗಿಟ್ಟು ಕಣ್ಣು ಮುಚ್ಚಿದ ಹೆಂಡತಿಯನ್ನು ಅವನು ನೆನಪಿಸಿಕೊಂಡ. ಮರೆಯಲು ಇಷ್ಟು ದಿನ ಹೆಣಗಿದ್ದನ್ನು ಈಗ ಒಂದೊಂದೇ ಬಿಡಿಸಿಕೊಂಡ. ಟ್ರಂಕು ಎಳೆದ. ನಿಲ್ಲಿಸಿದ. ಅವಳು ನಿಲ್ಲಿಸಿದ್ದಷ್ಟೇ ಹೊತ್ತು ನಿಲ್ಲಿಸಿದ. ಸೀಟಿ, ಆಮೇಲೆ ಪುಸ್.

ಅಳು ನಿಂತಿತು. ಇನ್ನೊಮ್ಮೆ ಹೊಡೆದ. ಹುಲ್ಲಿನಲ್ಲಿ ಸರಸರ ಕೇಳಿಸಿತು, ಜಾಲರಿಯ ಪಕ್ಕ ಬಂದು ನಿಂತಿತು. ಮೂರನೆಯ ಸಲಕ್ಕೆ ಒಂದು ಬೆಚ್ಚಗಿನ ಮೈ ಅವನ ಕತ್ತಿಗೆ ಒತ್ತಿಕೊಂಡಿತು, ಅದರ ಹಿಂದೆ ಇನ್ನೊಂದು, ಕೊನೆಗೆ ಅವನ ಕಿವಿಯ ಮೇಲೆ ಕಾಲಿಟ್ಟು ಭುಜದ ಮೇಲೆ ಹತ್ತಿದ್ದು ಹೆಡ್‌ಮಾಸ್ಟರೇ ಇರಬೇಕು. ಅವನು ಗೊರಕೆ ನಿಲ್ಲಿಸಲಿಲ್ಲ. ಹೊಡೆಯುತ್ತ ಹೊಡೆಯುತ್ತ ಆ ನಿಲುಗಡೆಯ ಜಾಗಕ್ಕೆ ಬಂದಾಗಲೆಲ್ಲ ಅವನ ಎದೆ ಹಿಂಡಿದಂತಾಗುತ್ತಿತ್ತು. ಕೋಳಿಮರಿಗಳೂ ನಂಬುವಷ್ಟು ಸರಿಯಾಗಿ ಅವಳು ಇದನ್ನು ಎಲ್ಲಿ ಕಲಿತಳು? ಟ್ರಂಕಿನ ಸದ್ದು ಯಾರಿಗಾದರೂ ಕೇಳಿಸುತ್ತದೆ. ಏನೂ ಇಲ್ಲದ ಆ ಹೊತ್ತನ್ನು ಅಳೆಯಬೇಕಾದರೆ, ಪಕ್ಕದಲ್ಲಿ ಮಲಗಿದವರು ಎಚ್ಚರವಾಗಿದ್ದು, ಉಸಿರು ನಿಂತಿತೇ, ಬರುತ್ತದೆಯೇ, ಎಂದು ಕಾದಿರಬೇಕು. ಒಂದು ದಿನವಲ್ಲ, ಮದುವೆಯಾದಾಗಿನಿಂದ. ಅವನು ಅಂದು ನಗುವನ್ನಷ್ಟೇ ಕೇಳಿಸಿಕೊಂಡಿದ್ದ. ಜನ ಮುಂದಕ್ಕೆ ಬಾಗಿ ಉಸಿರು ಹಿಡಿದಿದ್ದ ಆ ಗಳಿಗೆಯನ್ನು ಕೇಳಿಸಿಕೊಂಡಿರಲಿಲ್ಲ.

ಚಿಲಕ ಬಿದ್ದ ಸದ್ದಾಯಿತು. ಮೊದಲು ಕಿರುಬಾಗಿಲಿನದು, ಆಮೇಲೆ ದೊಡ್ಡದರದು. ಅವನು ಕಣ್ಣು ತೆರೆದ. ಜಾಲರಿಯಾಚೆ ಹೆಂಡತಿ ಕುಕ್ಕರಗಾಲಲ್ಲಿ ಕೂತಿದ್ದಳು.

"ಅಲ್ಲಾಡ್ಬೇಡಿ, ಈಗ ಎದ್ರೆ ಮತ್ತೆ ಹೊರಗೆ ಬರ್ತವೆ. ಸ್ವಲ್ಪ ಕೂರ್ಲಿ" ಎಂದು ಪಿಸುಗುಟ್ಟಿದಳು. ಆಮೇಲೆ, "ಆ ಸೀಟಿ ಸ್ವಲ್ಪ ಜಾಸ್ತಿ ಆಯ್ತು. ನೀವು ಅಷ್ಟು ಜೋರಾಗಿ ಹೊಡಿಯಲ್ಲ."

ಅವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ. ಅವನಿಗೆ ನಗು ಬಂತು, ಭುಜ ಕುಲುಕಿ ಹೆಡ್‌ಮಾಸ್ಟರ್ ಕೊಕ್ ಎಂದು ಗದರಿತು. ಗೂಡಿನಲ್ಲಿ ಮುದುಡಿ ಬಿದ್ದಿರುವ ಮನುಷ್ಯನಿಗೆ ಇನ್ನು ಉಳಿಸಿಕೊಳ್ಳಲು ಬಿಗುಮಾನ ಯಾವುದಿರುತ್ತದೆ.

"ನಾನು ಮರಿ ಕಾಯೋಕೆ ಅಲ್ಲಿ ಮಲಗಿರ್ಲಿಲ್ಲ ಕಣೆ" ಎಂದ. "ಕೋಪ ಬಂದಿತ್ತು."

"ಗೊತ್ತು."

"ಅದು ಯಾವಾಗ್ಲೋ ಹೋಯ್ತು. ವಾಪಸ್ ಹೇಗೆ ಬರ್ಬೇಕು ಅಂತ ಗೊತ್ತಾಗ್ಲಿಲ್ಲ."

ಅವಳು ಜಾಲರಿಗೆ ಅಂಟಿದ್ದ ಹುಲ್ಲಿನ ಎಸಳೊಂದನ್ನು ಕಿತ್ತಳು. "ಅವತ್ತು ನಾನು ಹಾಗೆ ಮಾಡ್ಬಾರ್ದಿತ್ತು. ಮೊದಲು ನಾಲ್ಕು ಜನ ನಕ್ರಲ್ಲ, ನಂಗೆ ಹುಮ್ಮಸ್ಸು ಬಂದ್ಬಿಡ್ತು. ಮುಗಿದ ಮೇಲೆ ನಿಮ್ಮ ಮುಖ ನೋಡ್ದೆ. ಅಷ್ಟು ಜೋರಾಗಿ ನೀವು ಯಾವತ್ತೂ ನಗಲ್ಲ."

"ಮತ್ತೆ ಅವತ್ತು ದಿಂಬು ಹಿಡ್ಕೊಂಡು ಬಂದಿದ್ನಲ್ಲ, ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ನೀರಿಗೆ ಯಾರು ದಿಂಬು ತರ್ತಾರೆ."

"ಮತ್ತೆ ಕರೀಬಹುದಿತ್ತಲ್ಲ."

ಮರಿಗಳ ಉಸಿರು ಒಂದೇ ಸಮನಾಗಿ ನಿಧಾನವಾಗುತ್ತಿತ್ತು. ಕತ್ತಲಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಇತ್ತು, ಅದರಲ್ಲಿ ಅವನು ಹಿಂದೆಂದೂ ಕೇಳದ ಒಂದು ಅಳುಕಿತ್ತು.

"ನಿಜ ಹೇಳ್ಲಾ? ಬೇಜಾರು ಮಾಡ್ಕೋಬಾರ್ದು. ಮದುವೆ ಆದ ಮೇಲೆ ಒಂದೇ ಒಂದು ದಿನಾನೂ ನಂಗೆ ಪೂರ್ತಿ ನಿದ್ದೆ ಆಗಿರ್ಲಿಲ್ಲ ರೀ. ಈಗ ಬೆಳಗಿನ ತನಕ ಒಂದೇ ಸಮ ಮಲಗ್ತಿದ್ದೆ. ಎದ್ದಾಗ ಮೈ ಹಗುರ, ತಲೆ ಹಗುರ. ಹೊಲಿಗೆ ಒಂದೂ ತಪ್ತಿರ್ಲಿಲ್ಲ. ಇನ್ನೊಂದು ದಿನ, ಇನ್ನೊಂದು ದಿನ ಅಂತ ಸುಮ್ನಿದ್ದೆ."

ಅವನಿಗೆ ಚುಚ್ಚಿತು. ಚುಚ್ಚಿದ ಜಾಗದಲ್ಲೇ ಏನೋ ಸಡಿಲವಾಯಿತು. ತಾನು ಆ ಕೋಣೆಯಲ್ಲಿ ಅವಳ ಕರೆಗಾಗಿ ಕಿವಿಗೊಟ್ಟು ಕೂತಿದ್ದ ಹೊತ್ತಿನಲ್ಲೆಲ್ಲ ಅವಳು ನಿದ್ದೆ ಮಾಡುತ್ತಿದ್ದಳು. ಇಷ್ಟು ವರ್ಷದ ನಿದ್ದೆಯನ್ನು. ಅವಳು ಅದಕ್ಕಾಗಿ ತಪ್ಪು ಮಾಡಿದವಳಂತೆ ಕುಗ್ಗಿ ಕೂತಿದ್ದಾಳೆ. ಅವನು ಮನಸ್ಸಿನಲ್ಲಿ ಒಂದಿಷ್ಟೂ ಕಹಿಯಿಲ್ಲದೆ ಹೇಳಿದ.

"ಹಾಗಾದ್ರೆ ನಾನು ಚಿಕ್ಕ ರೂಮಲ್ಲೇ ಇರ್ತೀನಿ ಕಣೆ. ಮಗಳು ಬಂದಾಗ ನಡುಮನೆ. ನಂಗೇನೂ ಬೇಜಾರಿಲ್ಲ. ಸತ್ಯವಾಗ್ಲೂ."

ಅವಳು ಎದ್ದು ನಿಂತಳು. ದೊಡ್ಡ ಬಾಗಿಲಿನ ಚಿಲಕವನ್ನು ಸದ್ದಾಗದಂತೆ, ಬೆರಳಿನಿಂದ ಒತ್ತಿ ಹಿಡಿದು ಸರಿಸಿ, ಅವನು ತೂರಿಬರುವಷ್ಟು ಮಾತ್ರ ಬಾಗಿಲು ತೆರೆದಳು.

"ನಿದ್ದೆ ಬೇಕಾದಷ್ಟಾಯ್ತು" ಎಂದಳು. "ಬನ್ನಿ."